ಲಂಪಾಂಗ್‌ನಲ್ಲಿ ಮಾರ್ಕೆಟ್, ಜಯನಗರದಲ್ಲಿ ಒತ್ತುವರಿ

2023ರ ನವೆಂಬರ್‌ನಲ್ಲಿ ಎರಡು ಸುದ್ದಿ ಬಂದವು. ಒಂದು, 10ನೇ ತಾರೀಖಿನಿಂದ ಭಾರತೀಯರಿಗೆ ಥಾಯ್ಲೆಂಡ್‌ಗೆ ಹೋಗೋಕೆ ವೀಸಾ ಬೇಡ, ಮೂವತ್ತು ದಿನ ಆರಾಮಾಗಿ ಇದ್ದು ಬರಬಹುದು ಅಂತ. ಇನ್ನೊಂದು, ಜಯನಗರ 4ನೇ ಬ್ಲಾಕ್ ಕಾಂಪ್ಲೆಕ್ಸಿನ ಸುತ್ತಮುತ್ತ ಫುಟ್‌ಪಾತ್ ಮೇಲೆ ಕೂರುತ್ತಿದ್ದ ಬೀದಿ ವ್ಯಾಪಾರಿಗಳನ್ನು ಬಿಬಿಎಂಪಿ ಎಬ್ಬಿಸಿತು ಅಂತ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಎರಡಕ್ಕೂ ಒಂದೇ ಥರದ ಚಪ್ಪಾಳೆ, ಒಂದೇ ಥರದ ಹೆಬ್ಬೆರಳು. "ಕೊನೆಗೂ ಫುಟ್‌ಪಾತ್ ನಮಗೆ ವಾಪಸ್ ಸಿಕ್ತು" ಅಂತ ಮೊದಲು ಬರೆದವನು ನಮ್ಮ ಮೂರನೇ ಮಹಡಿಯ ಹುಡುಗ. ದಾವಣಗೆರೆ ಕಡೆಯವನು, ಒಳ್ಳೇ ಸಂಬಳ, ಒಳ್ಳೇ ಮನಸ್ಸು, ಹೆಸರು ಬೇಡ. ಕ್ರಿಸ್‌ಮಸ್ ರಜೆಯಲ್ಲಿ ಅದೇ ಹುಡುಗ ಅದೇ ಗ್ರೂಪಿಗೆ ನಲವತ್ತೇಳು ಫೋಟೋ ಕಳಿಸಿದ. ಎಲ್ಲಿಂದ ಅಂತೀರಿ? ಉತ್ತರ ಥಾಯ್ಲೆಂಡಿನ ಲಂಪಾಂಗ್ ಅನ್ನೋ ಊರಿನಿಂದ. ಫೋಟೋದಲ್ಲಿ ಏನಿತ್ತು ಅಂತೀರಿ? ಬೀದಿ ವ್ಯಾಪಾರಿಗಳು.

ಲಂಪಾಂಗ್ ಬಗ್ಗೆ ನನಗೇನೂ ತಕರಾರಿಲ್ಲ. ಅದು ಬ್ಯಾಂಕಾಕ್, ಪಟ್ಟಾಯ ಥರ ಅಲ್ಲ, ನಮ್ಮ ಹಾಸನ, ಚಿಕ್ಕಮಗಳೂರಿನ ಹಾಗೆ ತನ್ನ ಪಾಡಿಗೆ ತಾನಿರೋ ಜಿಲ್ಲಾಕೇಂದ್ರ. ಕುದುರೆ ಗಾಡಿ ಇವತ್ತಿಗೂ ಓಡುತ್ತೆ. ವಾಂಗ್ ನದಿಯ ದಂಡೆಗೆ ಹತ್ತಿಕೊಂಡು ಹಳೇ ಮರದ ಮನೆಗಳ ಒಂದು ಬೀದಿ ಇದೆ, ಕಾಡ್ ಕೊಂಗ್ ತಾ ಅಂತ. ಶನಿವಾರ, ಭಾನುವಾರ ಸಂಜೆ ಅಲ್ಲಿ ವಾಹನ ನಿಲ್ಲಿಸಿ ಸಂತೆ ಕಟ್ಟುತ್ತಾರೆ. ನಮ್ಮ ಹುಡುಗ ಅಲ್ಲಿ ಪರಂಗಿಕಾಯಿಯನ್ನು ಒರಳಲ್ಲಿ ಕುಟ್ಟಿ ಕೊಡೋ ಹೆಂಗಸಿನ ಫೋಟೋ ತೆಗೆದಿದ್ದ. ಬಿದಿರಿನ ಅಂಡೆಯೊಳಗೆ ಬೇಯಿಸಿದ ಅಂಟು ಅನ್ನ, ಬಾಳೆ ಎಲೆಯಲ್ಲಿ ಸುತ್ತಿದ ಅದೇನೋ ಸಿಹಿ, ರಸ್ತೆ ಮೇಲೆ ಚಾಪೆ ಹಾಕಿ ಸೊಪ್ಪು ಹರವಿಕೊಂಡು ಕೂತ ಮುದುಕಿ. ಕೆಳಗೆ ಬರೆದಿದ್ದ: ಇಂಥ ಜೀವಂತ ಬೀದಿ ನಮ್ಮಲ್ಲಿ ಯಾಕಿಲ್ಲ ಗುರು?

ಇತ್ತು ಕಣಪ್ಪಾ. ನೀನೇ ಹೆಬ್ಬೆರಳು ಒತ್ತಿ ಕಳಿಸಿದೆ.

ಇದು ಅವನೊಬ್ಬನ ಕಥೆಯಾಗಿದ್ದರೆ ಬರೆಯೋಕೆ ಕೂರುತ್ತಿರಲಿಲ್ಲ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕಿವಿಗೊಟ್ಟು ಕೂತ್ಕೊಳ್ಳಿ. ಹನೋಯ್, ಬಾಲಿ, ಚಿಯಾಂಗ್ ಮಾಯ್ ಸುತ್ತಿ ಬಂದವರು ಹೇಳೋದು ಎಷ್ಟು ದೇವಸ್ಥಾನ ನೋಡಿದೆ ಅಂತ ಅಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಮಾರ್ಕೆಟ್ಟಿಗೆ ಹೋದೆ, ಹೆಸರೇ ಗೊತ್ತಿಲ್ಲದ ಹಣ್ಣು ತಿಂದೆ, ಒಬ್ಬ ಅಜ್ಜಿ ನಕ್ಕು ಒಂದು ಜಾಸ್ತಿ ಹಾಕಿಕೊಟ್ಟಳು. ಸಣ್ಣ ಸಣ್ಣ ವಿಷಯ. ಆ ಸಣ್ಣ ವಿಷಯಗಳೇ ಪ್ರವಾಸ ಅನ್ನೋದು ನನಗೂ ಒಪ್ಪಿಗೆ. ಮೂರು ದಿನದಲ್ಲಿ "ಥಾವ್ ರೈ" ಅಂತ ರೇಟು ಕೇಳೋದನ್ನು ಕಲಿತು ಬರ್ತಾರೆ, ಸಂತೋಷ. ಆದರೆ ಹತ್ತು ವರ್ಷದಿಂದ ಬಿಟಿಎಂನಲ್ಲೋ ಜೆ.ಪಿ. ನಗರದಲ್ಲೋ ಇರೋ ಅದೇ ಜನಕ್ಕೆ ನಾಲ್ಕು ಮೊಳ ಸೇರಿದರೆ ಒಂದು ಮಾರು ಅಂತ ಗೊತ್ತಿಲ್ಲ. ಅಲ್ಲಿ ಕಣ್ಣು ಬಿಟ್ಟುಕೊಂಡು ನಡೆಯೋರು ಇಲ್ಲಿ ಕಣ್ಣು ಮುಚ್ಚಿಕೊಂಡು ಬದುಕ್ತಾರೆ. ಅಷ್ಟೇ ಆಗಿದ್ದರೆ ಅವರಿಷ್ಟ ಅನ್ನಬಹುದಿತ್ತು. ನಾವು ನೋಡದೆ ಇರೋದನ್ನ ಯಾರೋ ಬಂದು ಲಾರಿಗೆ ತುಂಬಿಕೊಂಡು ಹೋದಾಗ ಚಪ್ಪಾಳೆ ಬೇರೆ ತಟ್ಟುತ್ತೀವಲ್ಲ, ನನ್ನ ಜಗಳ ಇರೋದು ಅದರ ಮೇಲೆ.

ಹಾಗಾಗಿ ಲಂಪಾಂಗ್‌ಗೆ ಟಿಕೆಟ್ ತೆಗೆಯದೆ 4ನೇ ಬ್ಲಾಕಿನಲ್ಲೇ ಸಿಕ್ಕ ಕೆಲವು ಸಣ್ಣ ವಿಷಯ ಹೇಳ್ತೀನಿ ಕೇಳಿ.

ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ಪು ಹಾಳಾಯಿತು ಅಂದ್ಕೊಳ್ಳಿ. ನೀವು ಏನ್ ಮಾಡ್ತೀರಿ? ಮೂರು ಸಾವಿರದ ಹೊಸ ಬ್ಯಾಗ್ ಆರ್ಡರ್ ಮಾಡ್ತೀರಿ. ಕಾಂಪ್ಲೆಕ್ಸಿನ ಹತ್ತಿರ ಒಂದು ಮರದಡಿ ಕೂರುತ್ತಿದ್ದ ಸಾಹೇಬರೊಬ್ಬರು ನನಗೆ ಹೇಳಿಕೊಟ್ಟಿದ್ದು: ಜಿಪ್ಪು ಹಾಳಾಯಿತು ಅಂದರೆ ನೂರಕ್ಕೆ ತೊಂಬತ್ತು ಸಲ ಹಲ್ಲು ಸರಿಯಾಗೇ ಇರುತ್ತೆ, ಸವೆದಿರೋದು ರನ್ನರ್ ಮಾತ್ರ. ಬಾಯಿ ಅಗಲ ಆಗಿರುತ್ತೆ, ಇಕ್ಕಳದಲ್ಲಿ ಎರಡೂ ಕಡೆ ಹದವಾಗಿ ಅದುಮಿದರೆ ಇನ್ನೊಂದು ವರ್ಷ ಓಡುತ್ತೆ. ಅದೂ ಆಗಲಿಲ್ಲವೋ, ಹೊಸ ರನ್ನರ್ ಇಪ್ಪತ್ತು ರೂಪಾಯಿ. ಅವರ ಡಬ್ಬಿಯಲ್ಲಿ ಐದು ನಂಬರು, ಎಂಟು ನಂಬರು, ಹತ್ತು ನಂಬರು ಅಂತ ಬೇರೆ ಬೇರೆ ಖಾನೆ. ನಮ್ಮ ಕಂಪನಿಯ ಸ್ಟೋರ್ ರೂಮಿನಲ್ಲಿ ಇಷ್ಟು ಅಚ್ಚುಕಟ್ಟು ನಾನು ನೋಡಿಲ್ಲ.

ಮಲ್ಲಿಗೆ ಹೂವಿನ ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ. ಯಾರ ಮೊಣಕೈ? ಮಾರೋರದ್ದು. ಅದಕ್ಕೇ ನಮ್ಮಮ್ಮ ಊರಿಂದ ಬಂದಾಗಲೆಲ್ಲ ಉದ್ದ ಕೈಯ ಹೂವಾಡಗಿತ್ತಿಯನ್ನು ಹುಡುಕಿಕೊಂಡು ಎರಡು ಅಂಗಡಿ ದಾಟಿ ಹೋಗ್ತಾಳೆ. ಇದನ್ನ ಯಾವ ಆಪ್‌ನಲ್ಲಿ ಫಿಲ್ಟರ್ ಹಾಕಿ ಹುಡುಕ್ತೀರಿ?

ಸೊಪ್ಪಿನ ವಿಷಯಕ್ಕೆ ಬಂದರೆ ಸ್ವಲ್ಪ ಹೊತ್ತು ನಿಲ್ಲಬೇಕು. ಕನಕಪುರ ರಸ್ತೆಯ ಕಡೆಯ ಒಂದು ಹಳ್ಳಿಯಿಂದ ಬರೋ ಅಜ್ಜಿಯೊಬ್ಬಳಿದ್ದಾಳೆ. ಬೆಳಗಿನ ಮೊದಲ ಬಸ್ಸಿಗೆ ಮೂಟೆ ಹಾಕಿಕೊಂಡು ಬನಶಂಕರಿಗೆ ಬಂದು, ಅಲ್ಲಿಂದ ಆಟೋದಲ್ಲಿ 4ನೇ ಬ್ಲಾಕು. ದಂಟು, ಮೆಂತ್ಯ, ಸಬ್ಬಸಿಗೆ ಎಲ್ಲರ ಹತ್ತಿರವೂ ಸಿಗುತ್ತೆ. ಇವಳ ಹತ್ತಿರ ಮಳೆಗಾಲದಲ್ಲಿ ಅಣ್ಣೆ ಸೊಪ್ಪು ಇರುತ್ತೆ. ಅಣ್ಣೆಯನ್ನು ಯಾರೂ ಬೆಳೆಯೋದಿಲ್ಲ ಸ್ವಾಮಿ, ಅದು ರಾಗಿ ಹೊಲದ ಕಳೆ. ಮಳೆ ಬಿದ್ದ ಮೇಲೆ ಹೊಲದಲ್ಲಿ ಬಗ್ಗಿ ಕಿತ್ತು ತರಬೇಕು. ಬಿತ್ತನೆ ಇಲ್ಲ, ಗೊಬ್ಬರ ಇಲ್ಲ, ಸಪ್ಲೈ ಚೈನೂ ಇಲ್ಲ. ಅದರ ಜೊತೆ ಹೊನಗೊನ್ನೆ, ಇನ್ನೆರಡು ಹೆಸರಿಲ್ಲದ ಎಲೆ ಸೇರಿಸಿ ಬೆರಕೆ ಸೊಪ್ಪು ಅಂತ ಒಂದು ಕಟ್ಟು ಕಟ್ಟಿಕೊಡ್ತಾಳೆ, ಮಸ್ಸೊಪ್ಪಿಗೆ. ರಾಗಿಮುದ್ದೆಯನ್ನು "ಸೂಪರ್‌ಫುಡ್" ಅಂತ ಕರೆದು ಮುನ್ನೂರು ರೂಪಾಯಿ ಕೊಟ್ಟು ತಿನ್ನೋ ಕಾಲ ಬಂದಿದೆ, ಬರಲಿ. ಆದರೆ ಆ ಮುದ್ದೆಯ ಜೊತೆ ನಾನೂರು ವರ್ಷದಿಂದಲೋ ಇನ್ನೂ ಹಿಂದಿನಿಂದಲೋ ತಿಂದುಕೊಂಡು ಬಂದಿರೋ ಸೊಪ್ಪು ಈ ಪಟ್ಟಣಕ್ಕೆ ಬರೋ ದಾರಿ ಒಂದೇ, ಆ ಅಜ್ಜಿಯ ಮೂಟೆ. ಅವಳನ್ನು ಎಬ್ಬಿಸಿದರೆ ಅಣ್ಣೆ ಸೊಪ್ಪು ಇನ್ನೊಂದು ಅಂಗಡಿಯಲ್ಲಿ ಸಿಗೋದಿಲ್ಲ. ಅದು ಹೊಲದಲ್ಲೇ ಉಳಿದು ಕಳೆನಾಶಕಕ್ಕೆ ಸಾಯುತ್ತೆ. "ಏನಪ್ಪಾ, ಇವತ್ತೂ ಬರಿಗೈಲಿ ಬಂದಿದ್ದೀಯ, ಚೀಲ ತರಬಾರದಾ?" ಅಂತ ಪ್ರತಿ ಸಲ ಬೈತಾಳೆ. ಲಂಪಾಂಗ್‌ನ ಅಜ್ಜಿ ನಕ್ಕಿದ್ದಳಂತೆ, ನಮ್ಮವಳು ಬೈತಾಳೆ, ಅಷ್ಟೇ ವ್ಯತ್ಯಾಸ.

ಈಗ ಅವರೆಕಾಯಿ ಕಾಲ. ಇಬ್ಬನಿ ಬಿದ್ದ ಕಾಯಿಗೆ ಬರೋ ಸೊಗಡು ಬಗ್ಗೆ ಬೆಂಗಳೂರಿನವರಿಗೆ ನಾನೇನೂ ಹೇಳಬೇಕಾಗಿಲ್ಲ. ಆದರೆ ಹಿತಕಿದ ಬೇಳೆಯನ್ನು ಪ್ಯಾಕೆಟ್ಟಿನಲ್ಲಿ ತಂದು ಫ್ರಿಜ್ಜಿಗೆ ತಳ್ಳೋ ಮೊದಲು ಒಂದು ಸಲ ಯೋಚನೆ ಮಾಡಿ. ಕಾಳು ರಾತ್ರಿ ನೆನೆಹಾಕಬೇಕು, ಬೆಳಿಗ್ಗೆ ಒಂದೊಂದೇ ಕಾಳನ್ನ ಹೆಬ್ಬೆರಳು ತೋರುಬೆರಳಲ್ಲಿ ಒತ್ತಿ ಸಿಪ್ಪೆ ಹಾರಿಸಬೇಕು. ಮಿಷನ್ ಅಲ್ಲ, ಬೆರಳು. ಕಾಲು ಕೇಜಿ ಬೇಳೆಗೆ ಎಷ್ಟು ಸಾವಿರ ಸಲ ಒತ್ತಬೇಕು ಅಂತ ಲೆಕ್ಕ ಹಾಕೋಕೆ ಹೋಗಿ ನಾನು ಅರ್ಧಕ್ಕೇ ಬಿಟ್ಟೆ. ಫುಟ್‌ಪಾತಿನಲ್ಲಿ ಕೂತ ಹೆಂಗಸರು ಗಿರಾಕಿ ಬರೋವರೆಗೂ ಅದನ್ನೇ ಮಾಡ್ತಿರುತ್ತಾರೆ, ಮಾತಾಡ್ತಾ, ತಲೆ ಎತ್ತದೆ.

ಇನ್ನೂ ಬೇಕಾದಷ್ಟಿದೆ. ಬನಶಂಕರಿ ದೇವಸ್ಥಾನದ ಹತ್ತಿರ ಮಂಗಳವಾರ, ಶುಕ್ರವಾರ ರಾಹುಕಾಲಕ್ಕೆ ನಿಂಬೆಹಣ್ಣು ಮಾರೋರ ಸಾಲು. ಹಣ್ಣು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ಒಳಗಿನದು ಹೊರಗೆ ತಿರುಗಿಸಿದರೆ ದೀಪದ ಬಟ್ಟಲು. ದೇವರನ್ನು ನಂಬದವರೂ ಒಮ್ಮೆ ನಿಂತು ನೋಡೋ ಕೈಚಳಕ ಅದು. ಮಡಿವಾಳ ಮಾರ್ಕೆಟ್ಟಿನ ತರಕಾರಿ ಗಲಾಟೆ ದಾಟಿ ಸೋಮೇಶ್ವರ ದೇವಸ್ಥಾನಕ್ಕೆ ಹೋದರೆ ಗೋಡೆಯ ಮೇಲೆ 13ನೇ ಶತಮಾನದ ತಮಿಳು ಶಾಸನಗಳಿವೆ. ಕೆಂಪೇಗೌಡರಿಗಿಂತ ಮುನ್ನೂರು ವರ್ಷ ಹಿಂದಿನವು. ಬಿಟಿಎಂ ಅಂದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನೋ ಮೂರು ಹಳ್ಳಿ ಅಂತ ನನ್ನ ಪಿಜಿಯಲ್ಲಿದ್ದ ಎಂಟು ಜನರಲ್ಲಿ ಆರು ಜನಕ್ಕೆ ಗೊತ್ತಿರಲಿಲ್ಲ. ಅದೊಂದು ಕಂಪನಿ ಹೆಸರು ಅಂದ್ಕೊಂಡಿದ್ದವನೂ ಒಬ್ಬನಿದ್ದ.

ಸರಿ, ಇದೆಲ್ಲ ರೊಮ್ಯಾಂಟಿಕ್ ಮಾತು, ಕಾನೂನು ಏನ್ ಹೇಳುತ್ತೆ ಅಂತೀರಾ? ಕಾನೂನೇ ಮಾತಾಡೋಣ. ಗ್ರೂಪಿನಲ್ಲಿ "ಇಲ್ಲೀಗಲ್, ಇಲ್ಲೀಗಲ್" ಅಂತ ಕೂಗೋರಲ್ಲಿ ಎಷ್ಟು ಜನ ಅದನ್ನು ಓದಿದ್ದಾರೋ ನೋಡೋಣ.

ಫುಟ್‌ಪಾತ್ ಮೇಲೆ ವ್ಯಾಪಾರ ಮಾಡೋದು ಸಂವಿಧಾನದ 19(1)(ಜಿ) ವಿಧಿ ಕೊಡೋ ಉದ್ಯೋಗದ ಹಕ್ಕಿನೊಳಗೇ ಬರುತ್ತೆ, ಅದನ್ನು ನಿಯಂತ್ರಿಸಬಹುದು, ಆದರೆ ಹಕ್ಕೇ ಇಲ್ಲ ಅನ್ನೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳ ಜೀವನೋಪಾಯ ರಕ್ಷಣೆಗೆ ಪ್ರತ್ಯೇಕ ಕಾಯ್ದೆ ಮಾಡಿತು. ಅದರ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡೋವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಆಮೇಲೂ ಎಬ್ಬಿಸಬೇಕಾದರೆ ಮೂವತ್ತು ದಿನದ ನೋಟಿಸ್ ಬೇಕು. ಊರಿನ ಜನಸಂಖ್ಯೆಯ ಶೇಕಡಾ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು. ಎಲ್ಲಿ ಮಾರಬಹುದು, ಎಲ್ಲಿ ಮಾರಬಾರದು ಅನ್ನೋದಕ್ಕೆ ಪಟ್ಟಣ ಮಾರಾಟ ಸಮಿತಿ ಅಂತ ಇರಬೇಕು, ಅದರಲ್ಲಿ ಕನಿಷ್ಠ ಶೇಕಡಾ 40 ಜನ ವ್ಯಾಪಾರಿಗಳೇ ಆರಿಸಿದ ವ್ಯಾಪಾರಿಗಳು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು.

ಇದೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಆ ಕಾಯ್ದೆಯಲ್ಲಿರೋ ಒಂದು ಮಾತು: ಸಹಜ ಮಾರುಕಟ್ಟೆ. ಯಾರೂ ಪ್ಲಾನ್ ಹಾಕದೆ, ಮಾರೋರು ಕೊಳ್ಳೋರು ವರ್ಷಗಟ್ಟಲೆ ತಾವಾಗೇ ಬಂದು ಸೇರೋ ಜಾಗ ಅಂತ ಅರ್ಥ. ಅಂಥ ಜಾಗವನ್ನು ಮಾರಾಟ ನಿಷೇಧ ವಲಯ ಅಂತ ಘೋಷಣೆ ಮಾಡೋ ಹಾಗಿಲ್ಲ ಅಂತ ಕಾಯ್ದೆಯ ಮೊದಲನೇ ಷೆಡ್ಯೂಲಿನಲ್ಲೇ ಇದೆ. 1948ರಲ್ಲಿ ಶುರುವಾದ ಜಯನಗರದಲ್ಲಿ 4ನೇ ಬ್ಲಾಕ್ ಸಹಜ ಮಾರುಕಟ್ಟೆ ಅಲ್ಲ ಅಂದರೆ, ಇನ್ಯಾವುದು ಅಂತ ಯಾರಾದರೂ ನನಗೆ ತೋರಿಸಿ.

ಹಾಗಾದರೆ ನಡೆಯೋರು ಏನು ಮಾಡಬೇಕು? ಇದು ನಿಜವಾದ ಪ್ರಶ್ನೆ, ಇದನ್ನ ತಳ್ಳಿಹಾಕೋದಿಲ್ಲ. ನಮ್ಮ ಪಕ್ಕದ ಮನೆಯ ಮೇಡಂಗೆ ಮಂಡಿ ಆಪರೇಷನ್ ಆಗಿದೆ, ಕೋಲು ಹಿಡಿದು ನಡೀತಾರೆ. 4ನೇ ಬ್ಲಾಕಿನ ಸಂದಣಿಯಲ್ಲಿ ಅವರು ರಸ್ತೆಗಿಳಿದು ನಡೆಯಬೇಕಾಗಿದ್ದು ಸುಳ್ಳಲ್ಲ. ವೀಲ್‌ಚೇರಿನವರ, ಕಣ್ಣು ಕಾಣದವರ ಕಷ್ಟ ಇನ್ನೂ ಹೆಚ್ಚು. ಫುಟ್‌ಪಾತಿನಲ್ಲಿ ನಡೆಯೋಕೆ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತೆ. ಒಳ್ಳೇದು, ಹಿಡೀರಿ ಟೇಪು. 1.8 ಮೀಟರ್ ಬಿಟ್ಟು ಗೆರೆ ಎಳೀರಿ, ಗೆರೆಯಾಚೆ ಕೂತೋರಿಗೆ ದಂಡ ಹಾಕಿ, ಯಾವ ವ್ಯಾಪಾರಿಯ ಪರವಾಗಿಯೂ ನಾನು ಬಾಯಿ ಬಿಡೋದಿಲ್ಲ.

ಆದರೆ ಅದೇ ಟೇಪು ಹಿಡ್ಕೊಂಡು ಹಾಗೇ ಮುಂದಕ್ಕೆ ಬನ್ನಿ. ಫುಟ್‌ಪಾತಿನ ಅರ್ಧ ನುಂಗಿದ ಟ್ರಾನ್ಸ್‌ಫಾರ್ಮರ್ ಅಳೀರಿ. ಮನೆ ಗೇಟಿನಿಂದ ರಸ್ತೆಯವರೆಗೆ ಕಾರು ಇಳಿಯೋಕೆ ಅಂತ ಹಾಕಿಕೊಂಡ ಸಿಮೆಂಟ್ ಇಳಿಜಾರು ಅಳೀರಿ. ಮನೆ ಮುಂದಿನ ಫುಟ್‌ಪಾತಿಗೆ ಗ್ರಿಲ್ ಹಾಕಿ ದಾಸವಾಳ ಬೆಳೆದುಕೊಂಡ "ಗಾರ್ಡನ್" ಅಳೀರಿ. ಹತ್ತೇ ನಿಮಿಷಕ್ಕೆ ಈರುಳ್ಳಿ ತಂದುಕೊಡೋ ಗೋಡೌನುಗಳ ಮುಂದೆ ಫುಟ್‌ಪಾತ್ ತುಂಬ ನಿಂತಿರೋ ಸ್ಕೂಟರುಗಳನ್ನು ಎಣಿಸಿ. ಪಾಪ, ಆ ಹುಡುಗರಿಗೆ ನಿಲ್ಲೋಕೆ ಬೇರೆ ಜಾಗ ಕೊಟ್ಟಿಲ್ಲ, ಅವರ ತಪ್ಪಲ್ಲ. ಕೊನೆಗೆ ನಮ್ಮ ಗ್ರೂಪಿನ ಅಡ್ಮಿನ್ ಸಾಹೇಬರ ಎರಡನೇ ಕಾರು ಎಲ್ಲಿ ನಿಂತಿದೆ ನೋಡಿ. ಒಂದು ಸೊಪ್ಪಿನ ಮೂಟೆಗೆ ಬೇಕಾಗಿರೋದು ಒಂದು ಚಾಪೆಯಷ್ಟು ಜಾಗ, ಅದೂ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಒಂದು ಕಾರಿಗೆ ಅಂಥ ಐದಾರು ಚಾಪೆ, ಅದೂ ಇಪ್ಪತ್ನಾಲ್ಕು ಗಂಟೆ, ಬಾಡಿಗೆ ಸೊನ್ನೆ. ಲಾರಿ ಬಂದಾಗ ಎತ್ತಿಕೊಂಡು ಹೋಗೋದು ಮಾತ್ರ ಮೂಟೆಯನ್ನೇ. ಕಾರು ಭಾರ ನೋಡಿ.

ನಾವು ಸಾಫ್ಟ್‌ವೇರ್‌ನವರಿಗೆ ಅರ್ಥ ಆಗೋ ಭಾಷೆಯಲ್ಲಿ ಹೇಳ್ತೀನಿ. ಇದು ಪ್ರೊಡಕ್ಷನ್‌ನಲ್ಲಿ ನಲವತ್ತೈವತ್ತು ವರ್ಷದಿಂದ ಓಡ್ತಾ ಇರೋ ಸಿಸ್ಟಮ್. ಡಾಕ್ಯುಮೆಂಟೇಷನ್ ಇಲ್ಲ, ಕೋಡ್ ಗಲೀಜು, ಒಪ್ಪಿದೆ. ಆದರೆ ಮೈಗ್ರೇಷನ್ ಪ್ಲಾನ್ ಇಲ್ಲದೆ, ಬ್ಯಾಕಪ್ ಇಲ್ಲದೆ, ಒಂದು ಬೆಳಿಗ್ಗೆ ಬಂದು ಸ್ವಿಚ್ ಆಫ್ ಮಾಡಿದ ಮ್ಯಾನೇಜರನ್ನ ನಾವು ಏನಂತ ಕರೀತೀವಿ? ಕ್ಯಾಂಟೀನಿನಲ್ಲಿ ಕರೆಯೋ ಹೆಸರು ಇಲ್ಲಿ ಬರೆಯೋಕಾಗಲ್ಲ.

ಆ ಸ್ವಿಚ್ ಆಫ್ ಆದ ದಿನ ಏನಾಗುತ್ತೆ ಅನ್ನೋದರ ಲೆಕ್ಕ ಇಲ್ಲಿದೆ. ಬೀದಿ ವ್ಯಾಪಾರದಲ್ಲಿ ಮೀಟರ್ ಬಡ್ಡಿ ಅಂತ ಒಂದಿದೆ. ಬೆಳಿಗ್ಗೆ ಒಂಬೈನೂರು ಕೈಗೆ ಕೊಡ್ತಾರೆ, ಸಂಜೆ ಸಾವಿರ ವಾಪಸ್ ಕೊಡಬೇಕು. ದಿನಕ್ಕೆ ಶೇಕಡಾ 11ರ ಬಡ್ಡಿ. ವರ್ಷದಲ್ಲಿ ಮುನ್ನೂರು ದಿನ ಹಾಗೆ ತಗೊಂಡರೆ, ಒಂಬೈನೂರು ರೂಪಾಯಿಗೆ ಕಟ್ಟಿದ ಬಡ್ಡಿ ಮೂವತ್ತು ಸಾವಿರ. ನಿಮ್ಮ ಹೋಮ್ ಲೋನಿನ ಬಡ್ಡಿ ಕಾಲು ಪರ್ಸೆಂಟ್ ಏರಿದಾಗ ನೀವು ಮಾಡೋ ಗಲಾಟೆ ನೆನಪು ಮಾಡಿಕೊಳ್ಳಿ. ಈಗ, ಕಲಾಸಿಪಾಳ್ಯದಲ್ಲಿ ಆ ಒಂಬೈನೂರಕ್ಕೆ ತರಕಾರಿ ತುಂಬಿಕೊಂಡು ಬಂದಾಗ ಕೂರೋ ಜಾಗವೇ ಇಲ್ಲ ಅಂದರೆ? ಸಂಜೆಗೆ ಸಾವಿರ ಕೊಡಲೇಬೇಕು, ತರಕಾರಿ ಬಾಡುತ್ತೆ, ನಾಳೆ ಮತ್ತೆ ಒಂಬೈನೂರು.

ತಮಾಷೆ ಅಂದರೆ ಸರ್ಕಾರಕ್ಕೆ ಇದು ಚೆನ್ನಾಗಿ ಗೊತ್ತು. ಈ ಬಡ್ಡಿಯಿಂದ ಬಿಡಿಸೋಕೆ ಅಂತಲೇ 2018ರಲ್ಲಿ ರಾಜ್ಯ ಸರ್ಕಾರ ಬಡವರ ಬಂಧು ಅಂತ ಬಡ್ಡಿಯಿಲ್ಲದ ಸಾಲದ ಯೋಜನೆ ತಂದಿತು. 2020ರಲ್ಲಿ, ಕೊರೋನಾ ಕಾಲದಲ್ಲಿ, ಕೇಂದ್ರ ಸರ್ಕಾರ ಸ್ವನಿಧಿ ಯೋಜನೆ ತಂದು ಬೀದಿ ವ್ಯಾಪಾರಿಗಳಿಗೆ ಹತ್ತು ಸಾವಿರದ ಮೊದಲ ಸಾಲ ಕೊಟ್ಟಿತು. ಎರಡು ಸರ್ಕಾರವೂ ಸಾಲ ಕೊಡೋದು ಯಾರಿಗೆ? ಬೀದಿಯಲ್ಲಿ ವ್ಯಾಪಾರ ಮಾಡೋರಿಗೆ. ಎಲ್ಲಿ ವ್ಯಾಪಾರ ಮಾಡಲಿ ಅಂತ? ಬೀದಿಯಲ್ಲೇ ತಾನೇ? ಒಂದು ಕೈ ಗಾಡಿ ಕೊಳ್ಳೋಕೆ ದುಡ್ಡು ಕೊಡುತ್ತೆ, ಇನ್ನೊಂದು ಕೈ ಗಾಡಿಯನ್ನು ಲಾರಿಗೆ ಎಸೆಯುತ್ತೆ.

ನಾನು ಅರಸೀಕೆರೆ ತಾಲ್ಲೂಕಿನ ಹಳ್ಳಿಯವನು. ನಮ್ಮ ಹೋಬಳಿ ಸಂತೆಗೆ ಅಪ್ಪ ಅಮ್ಮನ ಜೊತೆ ತೆಂಗಿನಕಾಯಿ, ಅವರೆಕಾಯಿ ಹೊತ್ತುಕೊಂಡು ಹೋಗಿದ್ದೀನಿ. ಅಲ್ಲಿ ಸಂತೆ ಸುಂಕ ಅಂತ ಇರುತ್ತೆ. ವರ್ಷಕ್ಕೊಮ್ಮೆ ಪಂಚಾಯ್ತಿಯವರು ಸುಂಕ ಎತ್ತೋ ಹಕ್ಕನ್ನು ಬಹಿರಂಗ ಹರಾಜು ಹಾಕ್ತಾರೆ. ಹರಾಜು ಹಿಡಿದವನು ಬಂದು ಮೂಟೆಗೆ ಇಷ್ಟು, ಕುರಿಗೆ ಇಷ್ಟು, ಬಳೆ ಅಂಗಡಿಗೆ ಇಷ್ಟು ಅಂತ ವಸೂಲಿ ಮಾಡಿ ಹಳದಿ ಚೀಟಿ ಹರಿದು ಕೊಡ್ತಾನೆ. ಮೆಣಸಿನಕಾಯಿಯವರ ಸಾಲು ಇಲ್ಲಿ, ಬಟ್ಟೆಯವರ ಸಾಲು ಅಲ್ಲಿ, ಎತ್ತಿನ ಗಾಡಿ ಆಲದ ಮರದಡಿ. ಸುಂಕ ಜಾಸ್ತಿಯಾಯಿತು ಅಂತ ಪ್ರತಿ ವಾರ ಜಗಳ ಆಗುತ್ತೆ. ಸಾಯಂಕಾಲ ಜಾಗ ಖಾಲಿ, ಬೆಳಿಗ್ಗೆ ಗುಡಿಸುತ್ತಾರೆ. ಹರಾಜಿನ ದುಡ್ಡಿನಲ್ಲಿ ಬೀದಿ ದೀಪ. ಇದು ಸ್ವರ್ಗ ಅಂತ ಹೇಳ್ತಿಲ್ಲ, ಹರಾಜು ಹಿಡಿದವನು ಸಾಮಾನ್ಯವಾಗಿ ಊರಿನ ಪುಢಾರಿಯ ಭಾವಮೈದ ಆಗಿರ್ತಾನೆ. ಆದರೂ ಎಸ್ಸೆಸ್ಸೆಲ್ಸಿ ಓದಿದ ಹದಿನೈದು ಜನ ಮೆಂಬರುಗಳ ಒಂದು ಗ್ರಾಮ ಪಂಚಾಯ್ತಿ ಮಾಡಬಲ್ಲ ಕೆಲಸವನ್ನ, ಐಎಎಸ್ ಅಧಿಕಾರಿಗಳಿದ್ದ, ಸಾವಿರಾರು ಕೋಟಿ ಬಜೆಟ್ ಇದ್ದ ಬಿಬಿಎಂಪಿಗೆ ಮಾಡೋಕಾಗುತ್ತಿರಲಿಲ್ಲ ಅಂದರೆ ನಾನು ನಂಬೋದಿಲ್ಲ. ಮಾಡೋಕೆ ಮನಸ್ಸಿರಲಿಲ್ಲ. ಮನಸ್ಸು ಬರೋ ಹಾಗೆ ಕೇಳೋರೂ ಇರಲಿಲ್ಲ. ಪಾಲಿಕೆಯ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೇ ಮುಗಿಯಿತು, 2023 ಮುಗಿಯೋವರೆಗೂ ಚುನಾವಣೆಯೇ ಆಗಿರಲಿಲ್ಲ. ಸೊಪ್ಪಿನ ಅಜ್ಜಿಗೆ ಹೋಗಿ ಅಳೋಕೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಚೀಟಿ ಹರಿಯೋ ಪುಢಾರಿಯ ಭಾವಮೈದನಾದರೂ ಇದ್ದಿದ್ದರೆ ಜಗಳ ಆಡಬಹುದಿತ್ತು.

ಹೊರದೇಶದ ಉದಾಹರಣೆಯೇ ಬೇಕು ಅನ್ನೋರಿಗೆ ಅದನ್ನೂ ಕೊಡ್ತೀನಿ. ಸಿಂಗಾಪುರದ ಹಾಕರ್ ಸೆಂಟರ್ ಅಂತ ನೀವೆಲ್ಲ ಬಾಯಿ ಚಪ್ಪರಿಸ್ತೀರಲ್ಲ, ಅಲ್ಲಿ ಕೂತಿರೋರು ಬೀದಿ ವ್ಯಾಪಾರಿಗಳ ಪರಂಪರೆಯವರು. ಅಲ್ಲಿನ ಸರ್ಕಾರ 1960ರ ದಶಕದ ಕೊನೆಯಲ್ಲಿ ಎಲ್ಲರನ್ನೂ ನೋಂದಣಿ ಮಾಡಿ, ಲೈಸೆನ್ಸ್ ಕೊಟ್ಟು, ನೀರು, ಚರಂಡಿ, ಸೂರು ಕಟ್ಟಿಸಿ, 1986ರ ಹೊತ್ತಿಗೆ ಬೀದಿಯಿಂದ ಒಳಗೆ ಕರೆದುಕೊಂಡು ಬಂತು. ಹೆಚ್ಚುಕಡಿಮೆ ಹದಿನೆಂಟು ವರ್ಷದ ಕೆಲಸ. 2020ರಲ್ಲಿ ಯುನೆಸ್ಕೋ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಮೊದಲು ಜಾಗ, ಆಮೇಲೆ ತೆರವು. ಇನ್ನು ನಿಮ್ಮ ಪ್ರೀತಿಯ ಥಾಯ್ಲೆಂಡಿನಲ್ಲೂ ಎಲ್ಲ ಸರಿಯಿಲ್ಲ. 2014ರಲ್ಲಿ ಮಿಲಿಟರಿ ಆಡಳಿತ ಬಂದ ಮೇಲೆ ಬ್ಯಾಂಕಾಕಿನಲ್ಲೂ ಫುಟ್‌ಪಾತ್ ವಾಪಸ್ ಕೊಡ್ತೀವಿ ಅಂತಲೇ ಬೀದಿ ಬೀದಿಯಿಂದ ವ್ಯಾಪಾರಿಗಳನ್ನು ಎಬ್ಬಿಸಿದರು. ಆಗ ಜೋರಾಗಿ ಬೊಬ್ಬೆ ಹೊಡೆದವರಲ್ಲಿ ಪ್ರವಾಸಿಗಳೂ ಇದ್ದರು. ಅಯ್ಯೋ, ಬ್ಯಾಂಕಾಕಿನ ಜೀವವೇ ಹೋಯಿತು ಅಂತ. ಅಂದರೆ ದುಡ್ಡು ಕೊಟ್ಟು ನೋಡೋಕೆ ಬಂದವರಿಗೆ ಕಂಡದ್ದು, ಅಲ್ಲೇ ಇದ್ದ ಆಡಳಿತಕ್ಕೆ ಕಾಣಲಿಲ್ಲ. ನಮ್ಮಲ್ಲಿಗೂ ಯಾರಾದರೂ ಲಂಪಾಂಗ್‌ನಿಂದ ಬಂದು ಅಜ್ಜಿಯ ಫೋಟೋ ತೆಗೆಯೋವರೆಗೆ ಕಾಯಬೇಕಾ?

ಇನ್ನೂ ಒಂದು ವಿಷಯ ಇದೆ, ಅದನ್ನ ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ನವೆಂಬರ್‌ನಲ್ಲಿ 4ನೇ ಬ್ಲಾಕ್ ತೆರವಾಯಿತಲ್ಲ, ಡಿಸೆಂಬರ್‌ನಲ್ಲಿ ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಆಯಿತು. 4ನೇ ಬ್ಲಾಕಿನಿಂದ ಮೂರು ಕಿಲೋಮೀಟರ್ ಆಸುಪಾಸು. ದೊಡ್ಡ ಬಸವಣ್ಣನ ಮುಂದಿನ ರಸ್ತೆಯುದ್ದಕ್ಕೂ ಎರಡೂ ಕಡೆ ಕಡಲೆಕಾಯಿ ರಾಶಿ, ಬತ್ತಾಸು, ಬೆಂಡು, ಪೀಪಿ. ಬರೀ ಫುಟ್‌ಪಾತಲ್ಲ, ರಸ್ತೆಗೆ ರಸ್ತೆಯೇ ಬಂದ್. ನಮ್ಮ ಗ್ರೂಪಿನ ಅರ್ಧ ಜನ ಅಲ್ಲಿದ್ದರು, ಸೆಲ್ಫಿ ಹಾಕಿದರು, "ನಮ್ಮ ಬೆಂಗಳೂರು, ನಮ್ಮ ಸಂಸ್ಕೃತಿ" ಅಂತ ಬರೆದರು. ಒಬ್ಬರಾದರೂ ಒತ್ತುವರಿ ಅಂದರಾ? ಕಡಲೆಕಾಯಿ ಸುರಿದುಕೊಂಡು ಕೂತವಳು ಉಳಿದ ದಿನಗಳಲ್ಲಿ ಏನು ಮಾರ್ತಾಳೆ, ಎಲ್ಲಿ ಕೂರ್ತಾಳೆ ಅಂತ ಕೇಳಿದರಾ? ಪರಿಷೆಯಲ್ಲಿ ಎರಡು ಸೇರು ಕಾಯಿ ಅಳೆದುಕೊಟ್ಟ ಹೆಂಗಸನ್ನು ನಾನು ಕೇಳಿದೆ. "ಜಯನಗರದಾಗೆ ಟೊಮೇಟೊ ಹಾಕ್ತಿದ್ದೆ ಸಾಮಿ, ಈಗ ನೋಡ್ಬೇಕು" ಅಂದಳು. ಮೂರು ದಿನ ಸಂಸ್ಕೃತಿ, ಮುನ್ನೂರರವತ್ತೆರಡು ದಿನ ಒತ್ತುವರಿ.

ನಮ್ಮ ಸೊಪ್ಪಿನ ಅಜ್ಜಿ ಈಗ ಕಾಂಪ್ಲೆಕ್ಸಿನಿಂದ ಮೂರು ಕ್ರಾಸ್ ಆಚೆ, ಒಂದು ಮನೆಯ ಕಾಂಪೌಂಡಿನ ನೆರಳಲ್ಲಿ ಕೂರ್ತಾಳೆ. ಮೂಟೆ ಅರ್ಧವಾಗಿದೆ. ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ. ಜಿಪ್ಪಿನ ಸಾಹೇಬರು ಎಲ್ಲಿ ಹೋದರೋ, ಎರಡು ಸಲ ಹುಡುಕಿದೆ, ಸಿಗಲಿಲ್ಲ.

ಜೆ.ಪಿ. ನಗರದ ನಮ್ಮ ರಸ್ತೆಯಲ್ಲೂ ಸಂಜೆ ನಾಲ್ಕು ತರಕಾರಿ ಗಾಡಿ ನಿಲ್ಲುತ್ತವೆ. ಹೋದ ವಾರ ಅವುಗಳ ಮೇಲೂ ದೂರು ಕೊಡೋಣ ಅಂತ ಗ್ರೂಪಿನಲ್ಲಿ ಒಂದು ಫಾರ್ಮ್ ಬಂದಿದೆ, ಸಹಿ ಹಾಕಿ ಅಂತ. ಮೂರನೇ ಮಹಡಿಯ ಹುಡುಗನಿಗೆ ನಾನು ಫೋನ್ ಮಾಡಿದೆ. ಸಹಿ ಹಾಕು, ಹಾಕಬೇಡ ಅಂತ ಹೇಳಲಿಲ್ಲ. ಫಾರ್ಮಿಗೆ ಮೂರು ಸಾಲು ಸೇರಿಸೋಣ ಅಂದೆ: ನಮ್ಮ ವಲಯದ ಮಾರಾಟ ಸಮಿತಿ ಕೊನೆಯದಾಗಿ ಯಾವತ್ತು ಸೇರಿತ್ತು, ಈ ಗಾಡಿಗಳಿಗೆ ಬದಲಿ ಜಾಗ ಯಾವುದು, ನಡೆಯೋಕೆ 1.8 ಮೀಟರ್ ಬಿಡಿಸೋ ಲೆಕ್ಕದಲ್ಲಿ ನಮ್ಮ ಕಾರುಗಳೂ ಬರುತ್ತವಾ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂರನೇದು ಹಾಕಿದರೆ ಯಾರೂ ಸಹಿ ಹಾಕಲ್ಲ ಅಣ್ಣ" ಅಂದ. ಹಾಕಿದ್ದೀನಿ. ಇವತ್ತಿಗೆ ನಾಲ್ಕು ದಿನ, ನೂರಾ ಹನ್ನೆರಡು ಮನೆಯಲ್ಲಿ ಏಳು ಸಹಿ ಬಂದಿವೆ.